ಗೆರೆ ದಾಟದ ನಾಯಿ

ಈ ನಾಯಿಗೆ ಇನ್ನೊಂದು ಮನೆ ಸಿಗುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಶೇಂಗಾ ಹಿಂಡಿಯ ಮೂಟೆ ಸಾಗಿಸುವ ಲಗೇಜ್ ಆಟೋ ಅವರದು. ನಾನು ಕೆಲಸ ಮಾಡುವ ನಾಯಿಗಳ ಆಶ್ರಯ ಕೇಂದ್ರದ ಮುಂದೆ ಹಾಯುವಾಗೆಲ್ಲ ಆಟೋ ನಿಲ್ಲಿಸಿ, ಇಂಜಿನ್ ಆರಿಸದೆಯೇ ಮಾತಿಗೆ ತೊಡಗುತ್ತಿದ್ದರು.

“ನೋಡವ್ವ, ಮರಿ ಆದ್ರೆ ಮಕ್ಕಳು ಕೇಳ್ತಾವೆ. ಜಾತಿ ನಾಯಿ ಆದ್ರೆ ದುಡ್ಡಿರೋರು ಕೇಳ್ತಾರೆ. ಇದು ಎರಡೂ ಅಲ್ಲ. ಒಬ್ರು ಬ್ಯಾಡ ಅಂತ ಬಿಟ್ಟಿದ್ದನ್ನ ಇನ್ನೊಬ್ರು ಯಾಕೆ ಕರ್ಕೊಂಡು ಹೋಗ್ತಾರೆ? ಡಿಗ್ರಿ ಓದಿದಾಕಿ ನೀನು, ಇಷ್ಟೂ ಗೊತ್ತಾಗಲ್ವಾ?”

ನಾನು ಡಿಗ್ರಿ ಮುಗಿಸುವುದೂ ಆಗದ ಮಾತು ಎಂದಿದ್ದವರು ಇವರೇ. ಅದು ಆಯಿತು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಲ್ಲ. ದೊಡ್ಡಉಳ್ಳಾರ್ತಿಯ ಆಚೆ, ಕಾವಲಿನ ಹುಲ್ಲುಗಾವಲಿಗೆ ಒತ್ತಿಕೊಂಡಂತಿರುವ ಹಟ್ಟಿ ನಮ್ಮದು. ಬೆಳಗಿನ ಬಸ್ಸು ತಪ್ಪಿದರೆ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಸಂದಿಯಲ್ಲಿ ಕೂತು ಚಳ್ಳಕೆರೆಯ ಕಾಲೇಜಿಗೆ ಬಂದವಳು ನಾನು. ಇಂಗ್ಲಿಷಿನಲ್ಲಿ ಫೇಲಾದೆ, ಮತ್ತೆ ಬರೆದೆ, ಪಾಸಾದೆ. ಆಮೇಲೆ ಕೈಗೆ ಸಿಕ್ಕ ಮೊದಲ ಸಂಬಳದ ಕೆಲಸವೇ ಈ ಕೇಂದ್ರದ್ದು. ನಾಯಿ ಕಾಯಲು ಬಿ.ಎ. ಯಾಕೆ ಬೇಕು ಎಂದು ಊರಲ್ಲಿ ನಕ್ಕರು. ನಗಲಿ ಎಂದು ಬಿಟ್ಟೆ.

ಊರ ಹೊರಗೆ, ಮುಚ್ಚಿಹೋದ ಗಿರಣಿಯೊಂದರ ಗೋಡೌನಿನಲ್ಲಿತ್ತು ನಮ್ಮ ಕೇಂದ್ರ. ನಿವೃತ್ತ ಪಶುವೈದ್ಯರೊಬ್ಬರು ನಡೆಸುತ್ತಿದ್ದರು. ಗೋಡೆಗಳಿಗೆ ಇನ್ನೂ ಎಣ್ಣೆಯ ಕಮಟು ವಾಸನೆ ಇತ್ತು. ನಾಯಿಗಳಿಗೆ ಅನ್ನ ಬೇಯಿಸುವುದು, ಬಂದವರ ಜೊತೆ ಮಾತಾಡುವುದು, ಒಂದು ನಾಯಿಗೆ ಒಂದು ಮನೆ ಹೊಂದಿಸುವುದು ನನ್ನ ಕೆಲಸ. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ, ನಾಯಿಯದ್ದನ್ನೂ.

ಅದನ್ನು ತಂದು ಬಿಟ್ಟವನು ಮೊಳಕಾಲ್ಮೂರು ಕಡೆಯ ಒಬ್ಬ ಯುವಕ. ಕೆಂಚು ಬಣ್ಣದ ನಾಟಿ ನಾಯಿ, ಹೆಣ್ಣು, ಬಾಲದ ತುದಿ ಮಾತ್ರ ಬಿಳಿ. ಮೈ ತೊಳೆದು ಒರೆಸಿ ತಂದಿದ್ದ.

“ಊರು ಬಿಡ್ತಾ ಇದೀವಿ ಮೇಡಂ. ಧರ್ಮಾವರಂದಾಗೆ ಬಾಡಿಗೆ ರೂಮು. ನಾಯಿ ಇದ್ರೆ ಕೊಡಲ್ಲ ಅಂದ್ರು.”

“ಕಚ್ಚುತ್ತಾ?”

“ಇಲ್ಲ.”

“ಏನಾದ್ರೂ ಹೆದರಿಕೆ, ಅಭ್ಯಾಸ, ಏನಾದ್ರೂ ಇದ್ರೆ ಹೇಳ್ರಿ. ಮುಂದೆ ಕರ್ಕೊಂಡು ಹೋಗೋರಿಗೆ ಹೇಳಬೇಕಾಗ್ತೈತೆ.”

ಅವನು ನಿಜವಾಗಿಯೂ ಯೋಚಿಸಿದ. ಆಮೇಲೆ ತೆಲುಗಿನಲ್ಲೇ “ಏಮೀ ಲೇದು,” ಎಂದು ತಲೆಯಾಡಿಸಿದ. ಏನೂ ಇಲ್ಲ. ಕುಕ್ಕುರುಗಾಲಲ್ಲಿ ಕೂತು ಅದರ ಹಣೆಯ ಮೇಲೆ ಅಂಗೈ ಇಟ್ಟು ಏನೋ ಹೇಳಿದ. ಎದ್ದು ಹೋದವನು ತಿರುಗಿ ನೋಡಲಿಲ್ಲ. ನಾಯಿ ಅವನ ಹಿಂದೆ ಓಡಲಿಲ್ಲ, ಬೊಗಳಲೂ ಇಲ್ಲ. ಅವನು ಹೇಳಿದ್ದು ಅದಕ್ಕೆ ಅರ್ಥವಾಗಿತ್ತೇನೋ.

ಎರಡು ದಿನ ಹೋಗುವಷ್ಟರಲ್ಲಿ ಅದರ ವಿಚಿತ್ರ ನಮಗೆ ಕಾಣಿಸತೊಡಗಿತು. ಅಂಗಳ ತೊಳೆಯಲು ಹಸಿರು ಪೈಪು ಎಳೆದಿದ್ದರೆ ಅದು ಪೈಪಿನ ಈಚೆಗೇ ಕೂತುಬಿಡುತ್ತಿತ್ತು. ಊಟದ ತಟ್ಟೆ ಆಚೆಗಿದ್ದರೂ ಅಷ್ಟೇ. ಗೇಟಿನ ಸರಪಳಿ ನೆಲಕ್ಕೆ ಜೋತುಬಿದ್ದಿದ್ದರೆ ಗೇಟು ದಾಟುತ್ತಿರಲಿಲ್ಲ. ಪಟ್ಟಿ ಹಿಡಿದು ಎಳೆದರೆ ನಾಲ್ಕೂ ಕಾಲು ಊರಿ ಕತ್ತು ಕೆಳಗೆ ಹಾಕುತ್ತಿತ್ತು. ಪೈಪು ಸುತ್ತಿಟ್ಟರೆ ಮುಗಿಯಿತು, ಏನೂ ಆಗದವರ ಹಾಗೆ ಎದ್ದು ಬರುತ್ತಿತ್ತು.

“ಹಗ್ಗದಲ್ಲಿ ಹೊಡೆದಿದ್ದಾರೆ,” ಎಂದರು ಡಾಕ್ಟರು. “ಉದ್ದಕ್ಕೆ ಏನು ಕಂಡ್ರೂ ಹಗ್ಗ ಅನ್ಕೊಳ್ಳುತ್ತೆ. ಪಾಪ.” ಅದರ ಮೈಮೇಲೆ ಗಾಯದ ಗುರುತು ಒಂದೂ ಇರಲಿಲ್ಲ. ಆದರೂ ನಾವೆಲ್ಲ ಅದನ್ನೇ ನಂಬಿದೆವು. ಆ ಯುವಕನನ್ನು ಮನಸ್ಸಿನಲ್ಲೇ ಬೈದೆವು.

ಮೊದಲು ನೋಡಲು ಬಂದವರು ಕಾವಲಿನ ಪಕ್ಕದ ಹೊಸ ಸಂಶೋಧನಾ ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲಿರುವ ಗಂಡ ಹೆಂಡತಿ. ನಾಯಿಯ ಮುಖ ನೋಡಿ ಹೆಂಡತಿ ಕರಗಿಹೋದರು. ಕರೆದುಕೊಂಡು ಹೊರಟರೆ, ಗೇಟಿನ ಹತ್ತಿರ ಯಾರೋ ಬಿಟ್ಟಿದ್ದ ಸೈಕಲ್ ಟ್ಯೂಬು ಅಡ್ಡ ಬಿದ್ದಿತ್ತು. ನಾಯಿ ಕೂತಿತು. ಮುದ್ದು ಮಾಡಿದರು, ಬಿಸ್ಕತ್ತು ತೋರಿಸಿದರು. ಅದು ಅವರ ಮುಖವನ್ನೂ ಟ್ಯೂಬನ್ನೂ ನೋಡುತ್ತ ಕೂತೇ ಇತ್ತು. “ಇದರ ಮನಸ್ಸಿಗೆ ಪೆಟ್ಟಾಗಿದೆ, ನಮ್ಮ ಕೈಲಿ ಆಗಲ್ಲ,” ಎಂದು ಹೋದರು.

ಆಮೇಲೆ ಬಂದವರು ತಳಕು ಕಡೆಯ ಒಬ್ಬ ಯಜಮಾನರು. ದಾಳಿಂಬೆ ತೋಟ, ಕಾವಲಿಗೆ ನಾಯಿ ಬೇಕು ಎಂದರು. ಗೇಟಿನ ಬಳಿ ನಾನೇ ಎತ್ತಿ ಅವರ ಗಾಡಿಗೆ ಹತ್ತಿಸಿದೆ. ಮಾವನಿಗೆ ಫೋನ್ ಮಾಡಿ, ನಿಮ್ಮ ಮಾತು ಸುಳ್ಳಾಯಿತು ಎಂದೂ ಹೇಳಿದೆ. ಮಾರನೇ ದಿನ ಮಧ್ಯಾಹ್ನ ಯಜಮಾನರು ನಾಯಿಯ ಸಮೇತ ವಾಪಸ್ಸು.

“ಏನಮ್ಮ, ಎಂಥಾ ನಾಯಿ ಕೊಟ್ಟೀಯ? ತೋಟದ ತುಂಬಾ ಡ್ರಿಪ್ ಪೈಪು ಐತೆ. ಸಾಲಿಗೊಂದು. ಇದು ಬದುವಿನ ಮೇಲೆ ಕೂತಿದ್ದು ಕೂತಂಗೇ ಐತೆ. ನಿನ್ನೆಯಿಂದ ಒಂದು ಹೆಜ್ಜೆ ತೋಟದೊಳಕ್ಕೆ ಇಟ್ಟಿಲ್ಲ. ನಾನು ಗಿಡ ಕಾಯಾಕೆ ನಾಯಿ ತಂದೆನೋ, ನಾಯಿ ಕಾಯಾಕೆ ಆಳು ಇಡಬೇಕೋ?”

ಕೋಪದಲ್ಲಿ ಇರಲಿಲ್ಲ ಅವರು, ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಅವತ್ತಿನಿಂದ ನಾಯಿ ಊಟ ಬಿಟ್ಟಿತು. ತಟ್ಟೆಯ ಹತ್ತಿರ ಬರುವುದು, ಮೂಸುವುದು, ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುವುದು. ಡಾಕ್ಟರು ರಕ್ತ ಪರೀಕ್ಷೆ ಮಾಡಿದರು, ರೋಗವಿಲ್ಲ. ಗ್ಲೂಕೋಸ್ ಹಾಕಿದರು. ಪಕ್ಕೆಲುಬು ಕಾಣತೊಡಗಿತು.

ಹಾಗೆ ವಾಪಸ್ಸು ಬಂದ ನಾಯಿಗಳನ್ನು ತಿಂಗಳ ಕೊನೆಗೆ ಒಂದು ವ್ಯಾನು ಬಂದು ದೂರದ ದೊಡ್ಡ ಕೇಂದ್ರಕ್ಕೆ ಒಯ್ಯುತ್ತಿತ್ತು. ನಮ್ಮಲ್ಲಿ ಜಾಗವಿರಲಿಲ್ಲ. ಡಾಕ್ಟರು ಮುಚ್ಚಿಡದೆ ಹೇಳಿದರು: “ಅಲ್ಲಿ ನೂರಾರು ನಾಯಿ ಮಧ್ಯೆ ಇದು ಉಳಿಯಲ್ಲ ಕಣಮ್ಮ. ಮನೆ ಸಿಕ್ರೆ ಉಳಿಯುತ್ತೆ. ಅಷ್ಟೇ ವಿಷಯ.”

ಆ ಭಾನುವಾರ ಅವರನ್ನು ಕೇಳಿ ನಾಯಿಯನ್ನು ನಮ್ಮ ಹಟ್ಟಿಗೆ ಕರೆದುಕೊಂಡು ಹೋದೆ. ನನಗೆ ಯಾವ ಉಪಾಯವೂ ಹೊಳೆದಿರಲಿಲ್ಲ. ಅವ್ವನ ಕೈಯ ಮುದ್ದೆಯಾದರೂ ತಿಂದೀತು ಎಂಬ ಆಸೆ, ಅಷ್ಟೇ.

ನಮ್ಮ ಅವ್ವ ಕಂಬಳಿ ನೇಯುತ್ತಾಳೆ. ನಾವು ಹೋದಾಗ ಮನೆಯ ಮುಂದೆ ಹಾಸು ಹಾಕಿದ್ದಳು. ಎರಡು ತುದಿಗೆ ಗೂಟ ಹೊಡೆದು, ಕರಿ ಉಣ್ಣೆಯ ನೂಲನ್ನು ಮೊಣಕಾಲೆತ್ತರಕ್ಕೆ ಉದ್ದಕ್ಕೆ ಬಿಗಿದು, ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಬಳಿಯುವುದು. ಅದು ಒಣಗಿ ಗಟ್ಟಿಯಾದ ಮೇಲೆಯೇ ಮಗ್ಗಕ್ಕೆ ಏರುವುದು. ಹಸಿ ಇರುವಾಗ ಯಾರಾದರೂ ದಾಟಿ ಒಂದು ಎಳೆ ಹರಿದರೆ, ಗಂಟು ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ನಡೆಯಲು ಕಲಿತಾಗ ನಾವು ಮಕ್ಕಳು ಕಲಿಯುತ್ತಿದ್ದ ಮೊದಲ ಕಟ್ಟಳೆ ಅದು: ಹಾಸಿನ ಮೇಲೆ ಹಾರಬಾರದು, ಕೆಳಗೆ ನುಸುಳಬಾರದು. ಒಂದು ಸಲ ಹಾರಿದ್ದಕ್ಕೆ ಅವ್ವ ಅದೇ ಕುಂಚದಲ್ಲಿ ನನ್ನ ಕೆನ್ನೆಗೆ ಬಾರಿಸಿದ್ದಳು. ಗಂಜಿ ಒಣಗಿ, ಸಂಜೆಯವರೆಗೂ ಬಾಯಿ ತೆರೆಯಲು ಆಗಿರಲಿಲ್ಲ.

“ಇದೇನಾ ನಿನ್ನ ನಾಯಿ? ಬಡಕಲಾಗೈತಲ್ಲೇ,” ಎಂದಳು ಅವ್ವ, ಕುಂಚ ನಿಲ್ಲಿಸದೆ.

“ಉಣ್ಣಲ್ಲ ಕಣವ್ವ.”

ಅವ್ವ ಒಳಗೆ ಹೋಗಿ ಒಂದು ತುಂಡು ಮುದ್ದೆಯನ್ನು ಹಾಲಿನಲ್ಲಿ ಅದ್ದಿ ತಂದಳು. ಅವಳು ಹಾಸಿನ ಆಚೆ, ನಾವು ಈಚೆ. ಸುತ್ತಿ ಬರಲು ಬೇಸರವಾಗಿ, ತಾನು ನಿಂತಲ್ಲೇ ಕಲ್ಲಿನ ಮೇಲೆ ಇಟ್ಟಳು.

ನಾಯಿ ಮೂಗು ಎತ್ತಿತು. ನಾನು ಪಟ್ಟಿ ಬಿಟ್ಟೆ. ಅದು ಮುದ್ದೆಯನ್ನು ನೋಡಿತು, ಹಾಸನ್ನು ನೋಡಿತು. ಈಗಲೂ ಕೂರುತ್ತದೆ ಎಂದುಕೊಂಡೆ. ಕೂರಲಿಲ್ಲ. ಹಾಸಿನಿಂದ ಒಂದು ಮೊಳ ದೂರ ಬಿಟ್ಟುಕೊಂಡು, ಅದರ ಉದ್ದಕ್ಕೂ ಮೆಲ್ಲಗೆ ನಡೆಯಿತು. ತುದಿಯ ಗೂಟದ ಆಚೆಯಿಂದ ಬಳಸಿತು. ಮತ್ತೆ ಅಷ್ಟೇ ದೂರ ಆ ಕಡೆಯಿಂದ ನಡೆದು ಬಂದು ಕಲ್ಲಿನ ಮುಂದೆ ನಿಂತು, ಮುದ್ದೆ ತಿಂದಿತು.

ನನ್ನ ಮೈ ಜುಮ್ಮೆಂದಿತು. ತಿಂದದ್ದಕ್ಕಲ್ಲ. ಗೂಟ ಬಳಸಿದ ರೀತಿಗೆ. ಬಿಗಿದ ಹಾಸು ಎಲ್ಲಿ ಮುಗಿಯುತ್ತದೆ ಎಂದು ಅದಕ್ಕೆ ಗೊತ್ತಿತ್ತು. ನಮ್ಮ ಹಟ್ಟಿಯ ಮಕ್ಕಳು ಹೇಗೆ ಬಳಸುತ್ತವೆಯೋ ಹಾಗೆಯೇ ಬಳಸಿತ್ತು.

“ಅವ್ವ,” ಎಂದೆ, “ಇದು ಮಗ್ಗದ ಮನೇಲಿ ಬೆಳೆದದ್ದು.”

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಲಿಂದ ಕುರಿಮರಿಯೊಂದು ತಾಯಿಯ ದನಿ ಕೇಳಿ ಓಡಿಬಂತು, ನೇರ ಹಾಸಿನ ಕಡೆಗೆ. ನಾನು ಕೂಗುವ ಮೊದಲೇ ನಾಯಿ ಹೊರಟಿತ್ತು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ಮರಿಗೂ ಹಾಸಿಗೂ ನಡುವೆ ಹೋಗಿ ಅಡ್ಡ ನಿಂತು, ಭುಜದಿಂದ ಅದನ್ನು ಒತ್ತಿತು. ಮರಿ ಬಲಕ್ಕೆ ನುಗ್ಗಿದರೆ ಬಲಕ್ಕೆ, ಎಡಕ್ಕೆ ನುಗ್ಗಿದರೆ ಎಡಕ್ಕೆ. ಹಾಗೆ ಒತ್ತುತ್ತ ಒತ್ತುತ್ತ ಹಾಸಿನ ತುದಿಯವರೆಗೂ ನಡೆಸಿಕೊಂಡು ಹೋಗಿ, ಗೂಟ ದಾಟಿದ ಮೇಲೆ ದಾರಿ ಬಿಟ್ಟಿತು. ಮರಿ ತಾಯಿಯ ಹತ್ತಿರ ಓಡಿತು. ನಾಯಿ ವಾಪಸ್ಸು ಬಂದು ಹಾಸಿನ ನಡುಮಧ್ಯದಲ್ಲಿ, ಮೊಳ ದೂರದಲ್ಲಿ, ಬೀದಿಯ ಕಡೆ ಮುಖ ಮಾಡಿ ಕೂತಿತು.

ಅವ್ವನ ಕುಂಚದಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ.

“ಇದನ್ನ ಬಿಟ್ಟು ಹೋದ್ರಾ?” ಎಂದಳು ಕೊನೆಗೆ. “ಇದನ್ನಾ?”

ಹೆದರಿಕೆಯಲ್ಲ ಅದು. ಒಂದು ದಿನವೂ ಹೆದರಿಕೆಯಾಗಿರಲಿಲ್ಲ. ಪೈಪು, ಸರಪಳಿ, ಟ್ಯೂಬು, ಆ ದಾಳಿಂಬೆ ತೋಟದ ಸಾಲು ಸಾಲು ಕರಿ ಪೈಪು, ಎಲ್ಲವೂ ಅದರ ಕಣ್ಣಿಗೆ ಯಾರೋ ಎಳೆದು ಇಟ್ಟ ಕೆಲಸ. ಯಾರದೋ ದುಡಿಮೆಯನ್ನು ತುಳಿಯಬಾರದು ಎಂದು ಕೂತಿದ್ದನ್ನು ನಾವು ರೋಗ ಎಂದಿದ್ದೆವು. ಕಾಲೇಜಿನಲ್ಲಿ ನಾನು ತುಂಬ ಓದಿದೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಆ ಬೆಳಿಗ್ಗೆ ನೋಡಿದಂಥದ್ದನ್ನು ಎಲ್ಲಿಯೂ ಓದಿರಲಿಲ್ಲ.

ಅಲ್ಲಿಂದಲೇ ಆ ಯುವಕನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗಗಳ ಸದ್ದು ಕೇಳುತ್ತಿತ್ತು.

“ಊಟ ಮಾಡ್ತಾ ಐತಾ ಮೇಡಂ?” ಎಂದ ಮೊದಲು.

“ಇವತ್ತು ಮಾಡ್ತು. ಅಲ್ಲಪ್ಪ, ಅದು ಹಾಸು ಕಾಯುತ್ತೆ ಅಂತ ನೀನು ಯಾಕೆ ಹೇಳಲಿಲ್ಲ?”

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅದ್ರಾಗೆ ಹೇಳೋದೇನೈತೆ ಮೇಡಂ? ನಮ್ಮ ಅಜ್ಜಿ ಮರಿ ಇದ್ದಾಗಿಂದ ಪಕ್ಕದಾಗೆ ಕೂರಿಸ್ಕೊಂಡು ಕಲಿಸಿದ್ಲು. ರೇಷ್ಮೆ ಹಾಸು ಬೀದಿಗೆ ಎಳೆದಾಗ ಅದೇ ಕಾಯೋದು. ಮನೆ ಕೆಲಸ ಅಲ್ವಾ? ನೀವು ಹೆದರಿಕೆ ಇದ್ರೆ ಹೇಳು ಅಂದ್ರಿ. ಹೆದರಿಕೆ ಇಲ್ಲ ಅದಕ್ಕೆ.”

ಅಜ್ಜಿ ತೀರಿಕೊಂಡಿದ್ದಳು, ಅವರ ಸಣ್ಣ ಊರಿನ ಬೀದಿಯಲ್ಲಿ ಮಗ್ಗಗಳು ನಿಂತಿದ್ದವು, ಅವನು ಮಗ್ಗವಿದ್ದ ಊರಿಗೆ ಹೋಗಿದ್ದ. ಇಷ್ಟೇ ಕಥೆ.

ಸೋಮವಾರ ಡಾಕ್ಟರಿಗೆ ಹೇಳಿದೆ. ಅವರು ಎದ್ದು ಹಸಿರು ಪೈಪನ್ನು ತಾವೇ ಅಂಗಳದ ಅಡ್ಡಕ್ಕೆ ಎಳೆದರು. ನಾಯಿ ಎಂದಿನಂತೆ ಕೂತಿತು. ಯಾವಾಗಲೂ ಈ ಗೋಡೆಯಿಂದ ಆ ಗೋಡೆಯವರೆಗೆ ಮಲಗುತ್ತಿದ್ದ ಪೈಪನ್ನು ಈ ಸಲ ಅವರು ತುದಿಯಲ್ಲಿ ಒಂದಿಷ್ಟು ಗಿಡ್ಡ ಮಾಡಿ ಜಾಗ ಬಿಟ್ಟು, ಆ ಜಾಗದಲ್ಲಿ ಬಳಸಿ ನಡೆದರು. ನಾಯಿ ಎದ್ದು ಅವರ ಹಿಂದೆಯೇ ಬಳಸಿ ಬಂತು. ಡಾಕ್ಟರು ಸುಮಾರು ಹೊತ್ತು ಅದರ ಕಿವಿ ಸವರುತ್ತ ನಿಂತರು. “ವ್ಯಾನಿನವರಿಗೆ ಬೇಡ ಅನ್ನಬೇಕಾದ್ರೆ ನನ್ನ ಕೈಲಿ ಒಂದು ಮನೆ ಇರಬೇಕು,” ಎಂದರು. “ಹೋಗು, ಹುಡುಕು.”

ಆ ಭಾನುವಾರವೇ ಅವ್ವನ ಹಾಸಿನ ಮುಂದೆ ಕುರಿಮರಿಯನ್ನು ಇನ್ನೊಮ್ಮೆ ಬಿಟ್ಟು ಫೋನಿನಲ್ಲಿ ಹಿಡಿದಿದ್ದ ವಿಡಿಯೋ ಇಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ನೇಕಾರರ ಕೇರಿಯಲ್ಲಿ ಮೊದಲು ಸಿಕ್ಕ ಹಿರಿಯರು ನಾಯಿ ಎಂದ ಕೂಡಲೇ ನಕ್ಕರು.

“ಯಾವ ಊರಮ್ಮ ನಿಂದು? ರೇಷ್ಮೆ ಎಳೆಯೋ ಬೀದೀಲಿ ನಾಯಿ ಯಾರು ಸಾಕ್ತಾರೆ? ಇರೋ ಮೇಕೆಗಳನ್ನ ಓಡಿಸೋದೇ ನಮಗೆ ಸಾಕಾಗೈತೆ.”

“ಮೇಕೆ ಓಡಿಸೋ ನಾಯೀನೇ ಯಜಮಾನ್ರೆ,” ಎಂದು ಫೋನು ಅವರ ಮುಂದೆ ಹಿಡಿದೆ.

ನಗು ನಿಂತಿತು. ಇನ್ನೊಮ್ಮೆ ಹಾಕು ಎಂದರು. ಪಕ್ಕದ ಮನೆಯವರನ್ನು ಕರೆದರು. ಸಣ್ಣ ಗುಂಪೇ ಕೂಡಿತು. ಗುಂಪಿನ ಹಿಂದಿನಿಂದ ಒಬ್ಬ ನಡುವಯಸ್ಸಿನ ಹೆಂಗಸು ಕತ್ತು ಚಾಚಿ ನೋಡಿದರು. ಮಗ್ಗದಿಂದ ಎದ್ದು ಬಂದಿದ್ದರು, ಸೆರಗಿನಲ್ಲಿ ಕೆಂಪು ರೇಷ್ಮೆಯ ತುಣುಕು ಅಂಟಿತ್ತು. ಅವರ ಮನೆಯಲ್ಲಿ ಅವರು ಮತ್ತು ಅವರ ಅತ್ತೆ ಇಬ್ಬರೇ. ಬೀದಿಗೆ ಹಾಸು ಎಳೆದಾಗ ಕೋಲು ಹಿಡಿದು ಕಾಯುತ್ತಿದ್ದದ್ದು ಅತ್ತೆ. ಈಗ ಅತ್ತೆಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಇವರು ಒಂದು ಕಣ್ಣು ನೂಲಿನ ಮೇಲೆ, ಒಂದು ಕಣ್ಣು ಮೇಕೆಗಳ ಮೇಲೆ ಇಟ್ಟು ಕೆಲಸ ಮಾಡಬೇಕು.

“ಬಣ್ಣ ಯಾವುದಾದ್ರೂ ಕಾಯ್ತೈತಾ, ಕರೀದು ಮಾತ್ರನಾ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. “ತೀಸ್ಕೊನಿ ರಾ, ಚೂದ್ದಾಂ,” ಎಂದರು. ಕರೆದುಕೊಂಡು ಬಾ, ನೋಡೋಣ.

ಹೋಗಬೇಕಾದ ದಿನ ಮಾವನ ಲಗೇಜ್ ಆಟೋವನ್ನೇ ಕರೆದೆ. ನಸುಕಿನಲ್ಲೇ ಹೊರಟೆವು. ಅವ್ವ ಹಿಂದಿನ ದಿನವೇ ಚಳ್ಳಕೆರೆಗೆ ಬಂದು ಕೂತಿದ್ದಳು. “ನಾನೂ ಬರ್ತೀನಿ. ಮನೆ ಎಂಥದ್ದು ನೋಡಬೇಕು,” ಎಂದಳು. ಮಾವ ದಾರಿಯುದ್ದಕ್ಕೂ ಗೊಣಗಿದರು. “ಹಿಂಡಿ ಮೂಟೆ ಹೊರೋ ಗಾಡೀಲಿ ನಾಯಿಗೆ ಸವಾರಿ. ಅಲ್ಲಿಗೆ ಹೋಗಿ ಅದು ಹಾಸಿನ ಮೇಲೆ ಒಂದು ಹಾರು ಹಾರಲಿ, ನಮ್ಮನ್ನ ಮಗ್ಗಕ್ಕೇ ಕಟ್ಟಿ ಬಡೀತಾರೆ.” ತಳಕಿನಲ್ಲಿ ಚಹಾ ಕುಡಿಯುವಾಗ ಬನ್ನು ಮುರಿದು ನಾಯಿಗೆ ಕೊಟ್ಟವರೂ ಅವರೇ.

ನಾವು ತಲುಪಿದಾಗ ಬೀದಿಗೆ ಎಳೆಬಿಸಿಲು ಬಿದ್ದಿತ್ತು. ಕೇರಿಯ ಈ ತುದಿಯಿಂದ ಆ ತುದಿಯವರೆಗೆ ಅರಿಶಿನ ಬಣ್ಣದ ರೇಷ್ಮೆ ಹಾಸು ಬಿಗಿದಿತ್ತು. ಸಾವಿರಾರು ಎಳೆ. ಕಂಬಳಿಯ ಒರಟು ನೂಲು ನೋಡಿ ಬೆಳೆದ ನನಗೆ, ಬೀದಿಯ ಮೇಲೆ ಬೆಳಕನ್ನೇ ಎಳೆದು ಕಟ್ಟಿದಂತೆ ಕಂಡಿತು. ಗಾಳಿ ಬಂದರೆ ಅದರ ಉದ್ದಕ್ಕೂ ಒಂದು ಹೊಳಪು ಹರಿದು ಹೋಗುತ್ತಿತ್ತು. ಜನ ಜಗಲಿಗಳ ಮೇಲೆ ಸೇರಿದ್ದರು. ಒಂದು ಎಳೆ ಹೋದರೂ ಆ ಹೆಂಗಸಿನ ಕೆಲಸ ಹಾಳು, ನಾಯಿಯ ಮನೆಯೂ ಹೋಯಿತು. ಅದು ಎಲ್ಲರಿಗೂ ಗೊತ್ತಿತ್ತು, ನಾಯಿಯೊಂದನ್ನು ಬಿಟ್ಟು.

“ಹಿಡ್ಕೋ, ಗಟ್ಟಿಯಾಗಿ ಹಿಡ್ಕೋಮ್ಮಾ,” ಎಂದರು ಅವತ್ತು ನಾಯಿ ಎಂದ ಕೂಡಲೇ ನಕ್ಕಿದ್ದ ಹಿರಿಯರು.

ಹಿಡಿದುಕೊಂಡರೆ ಯಾವ ನಾಯಿಯಾದರೂ ನಿಲ್ಲುತ್ತದೆ. ಪಟ್ಟಿ ಬಿಚ್ಚಿಬಿಟ್ಟೆ.

ಅದು ಆಟೋದಿಂದ ಇಳಿದು, ಮೈ ಒದರಿ, ನಿಂತಿತು. ಆಮೇಲೆ ಹಾಸಿನ ಉದ್ದಕ್ಕೂ ನಡೆಯಿತು. ಆ ತುದಿಗೆ ಹೋಗಿ ಬಳಸಿ ಇನ್ನೊಂದು ಬದಿಯಿಂದ ಬಂತು. ಮನೆಯ ಯಜಮಾನರು ಬೆಳಿಗ್ಗೆ ಎದ್ದು ತೋಟ ಸುತ್ತಿ ಬರುವ ಹಾಗೆ. ಹಾಸಿನ ಪಕ್ಕ, ಅದರ ನೆರಳು ಮಣ್ಣಿನ ಮೇಲೆ ಬಿದ್ದಿದ್ದ ಕಡೆ ಬಂದು ನಿಂತಿತು. ನೆರಳನ್ನು ಮೂಸಿತು. ನೆರಳಿನ ಅಂಚಿಗೆ ಸರಿಯಾಗಿ, ಉಗುರೂ ತಾಗದಂತೆ, ಮುಂಗಾಲು ಚಾಚಿ ಮಲಗಿತು. ಬಿಸಿಲು ಏರಿ ನೆರಳು ಹಾಸಿನ ಕಡೆಗೆ ಕುಗ್ಗಿದಂತೆ, ನಾಯಿಯೂ ಎದ್ದು ಅಷ್ಟೇ ಮುಂದೆ ಬಂದು ಮತ್ತೆ ಅಂಚಿಗೇ ಮಲಗಿತು. ನೂಲಿನ ನೆರಳನ್ನು ಕೂಡ ಅದು ತುಳಿಯುತ್ತಿರಲಿಲ್ಲ.

“ಲೇ, ನೆರಳು ಕಣ್ರೋ,” ಎಂದರು ಮಾವ, ಯಾರಿಗೆ ಹೇಳಿದರೋ. ಆಟೋದ ಹಿಡಿಕೆ ಹಿಡಿದು ನಿಂತವರು ಹಾಗೆಯೇ ನಿಂತಿದ್ದರು.

ಕಣ್ಣು ಕಾಣದ ಅತ್ತೆಯನ್ನು ಸೊಸೆ ಕೈಹಿಡಿದು ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದರು. ಮುದುಕಿ ತೆಲುಗಿನಲ್ಲಿ ಮೆಲ್ಲಗೆ ಕರೆದರು. ಎಷ್ಟೋ ದಿನದಿಂದ ಕೇಳದ ಮಾತು ಕೇಳಿದ್ದಕ್ಕೋ ಏನೋ, ನಾಯಿಯ ಕಿವಿ ನೆಟ್ಟಗಾಯಿತು. ಎದ್ದಿತು. ಜಗಲಿ ಹಾಸಿನ ಆಚೆಗಿತ್ತು. ಮತ್ತೆ ಪೂರ್ತಿ ಉದ್ದ ನಡೆದು, ಬಳಸಿ, ಬಂದು ಮುದುಕಿಯ ಮೊಣಕಾಲಿಗೆ ಗದ್ದ ಇಟ್ಟಿತು. ಮುದುಕಿ ಅದರ ತಲೆ, ಕಿವಿ, ಬೆನ್ನು, ಬಾಲದ ತುದಿಯವರೆಗೂ ಸವರಿ ನೋಡಿ, ಸೊಸೆಗೆ “ಉಣ್ಣಾಕೆ ಏನಾದ್ರೂ ತಾ,” ಎಂದರು. ಅಲ್ಲಿಗೆ ಮುಗಿಯಿತು. ಬೇಕಾ ಬೇಡವಾ ಎಂಬ ಮಾತೇ ಬರಲಿಲ್ಲ.

ಅನ್ನ ಮಜ್ಜಿಗೆ ಬಂತು. ನಾಯಿ ತಟ್ಟೆ ನೆಕ್ಕಿ ಬಿಳಿ ಮಾಡಿತು. ನಾನು ಚೀಲದಿಂದ ದತ್ತು ಪ್ರಮಾಣಪತ್ರ ತೆಗೆದೆ. ದಪ್ಪ ಕಾಗದ, ನನ್ನದೇ ಕೈಬರಹ. ಕೆಳಗೆ ಸಹಿ ಮಾಡಿ, ಪಕ್ಕದಲ್ಲಿ ಬಿ.ಎ. ಎಂದೂ ಬರೆಯುತ್ತೇನೆ, ಯಾರೂ ಬರೆ ಎಂದಿಲ್ಲ, ಆದರೂ ಬರೆಯುತ್ತೇನೆ. ಆ ಹೆಂಗಸು ಸೆರಗಿಗೆ ಎರಡೂ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು.

ಅವ್ವ ಇಷ್ಟು ಹೊತ್ತೂ ಸುಮ್ಮನೆ ಕೂತಿರಲಿಲ್ಲ. ಮನೆಯೊಳಗೆ ಹೋಗಿ ಮಗ್ಗ, ಒಲೆ, ನೀರಿನ ಗಡಿಗೆ ಎಲ್ಲ ನೋಡಿಕೊಂಡು ಬಂದಿದ್ದಳು. ಈಗ ಆ ಹೆಂಗಸಿನ ಹತ್ತಿರ ಹೋಗಿ, ದನಿ ತಗ್ಗಿಸಿ ಹೇಳಿದಳು:

“ಅದಕ್ಕೆ ಬೈಬ್ಯಾಡ್ರಿ ತಾಯಿ. ಮೆಲ್ಲಗೆ ಹೇಳಿದ್ರೆ ಸಾಕು, ಕೇಳ್ತೈತೆ.”